ಹಳೆಯ ಎಕ್ಸ್‌ಪ್ರೆಸ್‌ವೇ ಜಾಗದಲ್ಲಿ ಸಾಲುಮರ: ತೆರೆದ ಮಣ್ಣಿನ ಪಟ್ಟಿಯೋ, ಕಲ್ಲುಮಿಶ್ರ ಮಣ್ಣೋ, ಮಣ್ಣುಗೂಡೋ?

ಯಾವುದನ್ನು ಆರಿಸಿದರೂ ಮೊದಲು ಹಳೆಯ ರಸ್ತೆಯ ಜಲ್ಲಿ ಹಾಸನ್ನು ಅಗೆದು ತೆಗೆಯಲೇಬೇಕು. ರೋಲರ್‌ ಹರಿದು ಗಟ್ಟಿಯಾದ ಆ ಪದರದ ಮೇಲೆ ನೀರು ನಿಂತು ಬೇರು ಕೊಳೆಯುತ್ತದೆ. ದೊಡ್ಡ ಮರಕ್ಕೆ ಸುಮಾರು 30 ಘನ ಮೀಟರ್ ಮಣ್ಣು ಬೇಕು.

ಖರ್ಚಿನಲ್ಲಿ ತೆರೆದ ಪಟ್ಟಿಯೇ ಹಗುರ. 3 ಮೀಟರ್ ಅಗಲ, 1 ಮೀಟರ್ ಆಳವಿದ್ದರೆ 10 ಮೀಟರಿಗೊಂದು ದೊಡ್ಡ ಮರ ನೆಡಬಹುದು. ಜನ ಅಡ್ಡ ದಾಟುವಲ್ಲಿ ಮಾತ್ರ ಮಣ್ಣು ತುಳಿತಕ್ಕೆ ಬಿಗಿದುಕೊಳ್ಳುತ್ತದೆ. ಹಾಗಾಗಿ, ಎಕ್ಸ್‌ಪ್ರೆಸ್‌ವೇ ಕೆಡವಿದ ಜಾಗದಲ್ಲಿ 2005ರಲ್ಲಿ ತೆರೆದ ಸ್ಯಾನ್ ಫ್ರಾನ್ಸಿಸ್ಕೋದ ಸಾಲುಮರದ ರಸ್ತೆ ಆಕ್ಟೇವಿಯಾ ಬುಲೆವಾರ್ಡ್‌ನಲ್ಲಿರುವಂತೆ ಪಕ್ಕರಸ್ತೆಗಳನ್ನು ಬೇರ್ಪಡಿಸುವ ಮೀಡಿಯನ್‌ಗಳಿಗೆ ಇದು ಒಪ್ಪುತ್ತದೆ.

ಫುಟ್‌ಪಾತ್ ಕೆಳಗೆ ಕಲ್ಲುಮಿಶ್ರ ಮಣ್ಣು ಭಾರ ತಡೆಯುತ್ತದೆ. ಆದರೆ ತೂಕದಲ್ಲಿ ನಾಲ್ಕು ಪಾಲು ಜಲ್ಲಿಗೆ ಒಂದೇ ಪಾಲು ಮಣ್ಣು. ಮಧ್ಯಮ ಮರಕ್ಕಷ್ಟೇ ಸಾಕು. ಅಂಗಡಿಸಾಲಿನ ಮುಂದೆ ದೊಡ್ಡ ನೆರಳು ಬೇಕೆಂದರೆ ದುಬಾರಿಯಾದರೂ ಮಣ್ಣುಗೂಡು (ಫುಟ್‌ಪಾತ್ ಭಾರವನ್ನು ತಾನೇ ಹೊತ್ತು ಒಳಗಿನ ಮಣ್ಣನ್ನು ಸಡಿಲವಾಗಿ ಉಳಿಸುವ ಪ್ಲಾಸ್ಟಿಕ್ ಚೌಕಟ್ಟು) ಹಾಕಿ, ಕೇಬಲ್‌ಗಳಿಗೆ ಮೊದಲೇ ಬೇರೆ ದಾರಿ ಬಿಡಿ.