ಗರ್ಭ ತೆಗೆಸುವ ಗುಳಿಗೆ: ದಾವಣಗೆರೆಯ ಒಂದು ನರ್ಸಿಂಗ್ ಹೋಮ್‌ಗೆ ಐದಕ್ಕೆ ನಾಲ್ಕು ಸ್ಟಾರ್

ನರ್ಸಿಂಗ್ ಹೋಮ್ ಹೆಸರು ಬರೆಯುವುದಿಲ್ಲ. ಅಲ್ಲಿಗೆ ಬರುವ ಹೆಂಗಸರಿಗೆ ಬೇಕಿರುವುದೇ ಗುಟ್ಟು, ನಾನ್ಯಾಕೆ ಊರಿಗೆಲ್ಲ ಸಾರಲಿ? ಸಣ್ಣದು, ಹಳೇ ಕಟ್ಟಡ, ಮೇಡಂ ಒಬ್ಬರೇ ಡಾಕ್ಟರು. ಅಷ್ಟು ಸಾಕು.

ನಮಗೆ ಇಬ್ಬರು ಮಕ್ಕಳು. ಸಣ್ಣವನು ಈಗಷ್ಟೇ ಅಂಗನವಾಡಿಗೆ ಹೋಗುತ್ತಿದ್ದಾನೆ. ಮೂರನೆಯದು ಬೇಡ ಅಂತ ನಾನೂ ನಮ್ಮ ಮನೆಯವರೂ ಕೂತು ಮಾತಾಡಿಯೇ ತೀರ್ಮಾನ ಮಾಡಿದ್ದು.

ಪ್ರೆಗ್ನೆನ್ಸಿ ಕಿಟ್ ತರಲು ಹೋದಾಗ ಮೆಡಿಕಲ್ ಶಾಪಿನ ಹುಡುಗ ದನಿ ಸಣ್ಣ ಮಾಡಿ, "ತೆಗೆಸೋದಾದ್ರೆ ಗುಳಿಗೆ ಇದಾವೆ ಅಕ್ಕ, ಚೀಟಿ ಏನೂ ಬೇಡ" ಅಂದ. ಸಹಾಯ ಮಾಡ್ತಿದೀನಿ ಅಂತಲೇ ಅಂದುಕೊಂಡಿದ್ದ ಪಾಪ. ಡಾಕ್ಟರ ಚೀಟಿ ಇಲ್ಲದೆ ಈ ಗುಳಿಗೆ ಮಾರುವ ಹಾಗೇ ಇಲ್ಲ. ಅದು ಹೋಗಲಿ, ಗರ್ಭ ಎಲ್ಲಿ ನಿಂತಿದೆ ಅಂತ ಅವನಿಗೇನು ಗೊತ್ತು? ಕೆಲವೊಮ್ಮೆ ಗರ್ಭಕೋಶದಲ್ಲಿ ನಿಲ್ಲದೆ ನಳಿಕೆಯಲ್ಲಿ ನಿಂತಿರುತ್ತದೆ. ಅಂಥದ್ದಕ್ಕೆ ಈ ಗುಳಿಗೆ ಕೆಲಸ ಮಾಡುವುದಿಲ್ಲ. ನಳಿಕೆ ಒಡೆದರೆ ಜೀವಕ್ಕೇ ಕುತ್ತು.

ನರ್ಸಿಂಗ್ ಹೋಮಿನಲ್ಲಿ ಮೊದಲು ಮಾಡಿದ್ದೇ ಸ್ಕ್ಯಾನಿಂಗ್. ಗರ್ಭ ಒಳಗೇ ಇದೆ, ಏಳು ವಾರದ ಒಳಗಿದೆ ಅಂತ ಗೊತ್ತಾಯಿತು. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿ ಒಂಬತ್ತು ವಾರದೊಳಗಿದ್ದರೆ ಗುಳಿಗೆಯಲ್ಲಿ ಆಗುತ್ತದಂತೆ. ಆಮೇಲೆ ಹಿಮೋಗ್ಲೋಬಿನ್, ರಕ್ತದ ಗುಂಪು. ನೆಗೆಟಿವ್ ಗುಂಪಾದರೆ ಒಂದು ಇಂಜೆಕ್ಷನ್ ಬೇಕಾಗಬಹುದು ಅಂದರು. ಕಾಪರ್ ಟಿ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತಗೋತೀರಾ, ಸ್ಟಿರಾಯ್ಡ್ ತಗೋತೀರಾ ಅಂತೆಲ್ಲ ಕೇಳಿದರು.

ಒಂದು ಸ್ಟಾರ್ ಕಳೆದದ್ದು ರಿಸೆಪ್ಷನ್ನಿಗೆ. ಬೆಂಚಿನ ತುಂಬಾ ಜನ ಕೂತಿರುವಾಗ ಅಲ್ಲಿದ್ದವರು, "ಅಬಾರ್ಷನ್ ಕೇಸಾ? ಗಂಡನ ಸಹಿ ಬೇಕು, ಕರೆಸ್ರಿ" ಅಂತ ಜೋರಾಗಿ ಹೇಳಿದರು. ಎರಡೂ ತಪ್ಪು. 1971ರ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ದಾಟಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು. 2021ರ ತಿದ್ದುಪಡಿ ಆದ ಮೇಲೆ ಅವಳ ಗುಟ್ಟು ಬಿಟ್ಟುಕೊಟ್ಟವರಿಗೆ ಜೈಲೂ ಆಗಬಹುದು. ಮೇಡಂ ಹೊರಗೆ ಬಂದು, "ಸಹಿ ಇವರದೊಂದೇ ಸಾಕು" ಅಂದು ನನ್ನನ್ನು ಒಳಗೆ ಕರೆದುಕೊಂಡರು. ಅಷ್ಟರಲ್ಲಿ ಬೆಂಚಿನ ಮೇಲಿದ್ದವರೆಲ್ಲ ನನ್ನ ಮುಖ ನೋಡಿ ಆಗಿತ್ತು.

ಒಳಗಿನ ಸಿಸ್ಟರ್‌ಗೆ ಮಾತ್ರ ಐದಕ್ಕೆ ಆರು ಕೊಡುತ್ತೇನೆ. ಮೊದಲ ಗುಳಿಗೆ, ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ, ಅವರ ಎದುರಿಗೇ ನುಂಗಿಸಿದರು. ಮನೆಯಲ್ಲಿ ತಗೊಳ್ಳುವ ನಾಲ್ಕು ಮಿಸೊಪ್ರೊಸ್ಟಾಲ್ ಕೈಗೆ ಕೊಡುವ ಮೊದಲು ಕುರ್ಚಿ ಎಳೆದುಕೊಂಡು ಎದುರು ಕೂತರು. "ಮನೇಲಿ ಕಕ್ಕಸು ಎಲ್ಲಿದೆ?" ಅಂದರು. ಹಿತ್ತಲಲ್ಲಿದೆ ಅಂದೆ. "ನಲ್ಲಿ ನೀರು ಯಾವತ್ತು ಬರುತ್ತೆ?" ನಮ್ಮ ಓಣಿಯಲ್ಲಿ ದಿನಾ ಬರುವುದಿಲ್ಲ. ಮೊದಲ ಗುಳಿಗೆ ನುಂಗಿದ ಮೇಲೆ ಈ ನಾಲ್ಕಕ್ಕೆ 24ರಿಂದ 48 ಗಂಟೆ ಟೈಮಿರುತ್ತದೆ. ನೀರು ಬಂದು ಡ್ರಮ್ಮುಗಳು ತುಂಬಿದ ಮೇಲೆ, ಮನೆಯವರು ಇರುವ ಹೊತ್ತು ನೋಡಿ ಇಟ್ಟುಕೊಳ್ಳಿ ಅಂತ ಅವರೇ ಗಂಟೆ ಲೆಕ್ಕ ಹಾಕಿ ಕೊಟ್ಟರು. ಇದನ್ನೆಲ್ಲ ಯಾವ ಗುಳಿಗೆ ಡಬ್ಬಿ ಮೇಲೂ ಬರೆದಿರುವುದಿಲ್ಲ.

ಮಕ್ಕಳನ್ನು ಹೊನ್ನಾಳಿಗೆ, ನಮ್ಮ ಅವ್ವನ ಮನೆಗೆ ಕಳಿಸಿದೆ. ದೊಡ್ಡ ಸೈಜಿನ ಪ್ಯಾಡ್ ಎರಡು ಪ್ಯಾಕೆಟ್, ಹಾಸಿಗೆಗೆ ಹಳೇ ಪ್ಲಾಸ್ಟಿಕ್ ಹಾಳೆ, ಬಿಸಿನೀರಿನ ಚೀಲ. ಚೀಲ ತರುವಾಗ ಬಿರಡೆ ಬಿಗಿಯಾಗಿ ಕೂರುತ್ತಾ ಅಂತ ಅಂಗಡಿಯಲ್ಲೇ ನೀರು ಹಾಕಿಸಿ ನೋಡಿ. ನನ್ನದು ಸೋರಿ, ಪುಣ್ಯಕ್ಕೆ ಸೀರೆಯಷ್ಟೇ ನೆನೆಯಿತು. ಖಾಲಿ ಹೊಟ್ಟೆ ಬೇಡ ಅಂದಿದ್ದರು, ಒಗ್ಗರಣೆ ಮಂಡಕ್ಕಿ ತಿಂದೆ. ಬರೆದುಕೊಟ್ಟ ನೋವಿನ ಮಾತ್ರೆಯನ್ನು ಮೊದಲೇ ತಗೊಂಡಿದ್ದು ಒಳ್ಳೆಯದಾಯಿತು.

ನಾಲ್ಕು ಗುಳಿಗೆಗಳನ್ನು ಕೆನ್ನೆ ಒಳಗೆ, ಒಸಡಿನ ಪಕ್ಕ, ಆ ಕಡೆ ಎರಡು ಈ ಕಡೆ ಎರಡು ಅರ್ಧ ಗಂಟೆ ಇಟ್ಟುಕೊಳ್ಳಬೇಕು. ಸುಣ್ಣದ ಪುಡಿ ಹಾಗೆ ಬಾಯೆಲ್ಲ ಒಣಗುತ್ತದೆ. ಉಳಿದದ್ದನ್ನು ನೀರಿನ ಜೊತೆ ನುಂಗುವುದು. ಸ್ವಲ್ಪ ಹೊತ್ತಿಗೆ ಚಳಿ ಬಂತು, ಹಲ್ಲು ಕಟಕಟ. ಇದನ್ನೂ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಹೊಟ್ಟೆನೋವು ಮುಟ್ಟಿನ ನೋವಿಗಿಂತ ಜಾಸ್ತಿ, ಹೆರಿಗೆ ನೋವಿಗಿಂತ ಕಡಿಮೆ. ರಕ್ತದ ಗಟ್ಟಿಗಳು ಹೋದವು. ರಾತ್ರಿ ಊಟದ ಹೊತ್ತಿಗೆ ನೋವು ಇಳಿಯಿತು. ಅದಾದ ಮೇಲೆ ಸುಮಾರು ದಿನ ಮುಟ್ಟಿನಂತೆ ಹೋಗುತ್ತಾ ಬಂದು ನಿಂತಿತು.

ಸಿಸ್ಟರ್ ಕನ್ನಡದಲ್ಲೇ ಒಂದು ಚೀಟಿ ಬರೆದುಕೊಟ್ಟಿದ್ದರು. ಅದನ್ನು ಮನೆಯವರ ಕೈಗೇ ಕೊಟ್ಟಿದ್ದೆ. ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಆದರೆ ತಕ್ಷಣ ಹೊರಡಿ. ಒಂದು ದಿನ ದಾಟಿದರೂ ಜ್ವರ ಬಿಡದಿದ್ದರೆ, ಕೆಟ್ಟ ವಾಸನೆ ಬಂದರೆ, ತಲೆ ತಿರುಗಿ ಬಿದ್ದರೆ, ಮಾತ್ರೆಗೂ ನೋವು ಬಗ್ಗದಿದ್ದರೆ ಬನ್ನಿ. ನಾಲ್ಕು ಗುಳಿಗೆ ತಗೊಂಡು 24 ಗಂಟೆಯಾದರೂ ರಕ್ತ ಹೋಗದಿದ್ದರೆ ಆಗಲೂ ಫೋನ್ ಮಾಡಿ. ಕೆಳಗೆ ಅವರ ನಂಬರು, 108 ಕೂಡ. ಹತ್ತಿರದ ಆಟೋದವರ ನಂಬರನ್ನು ನಾನೇ ಸೇರಿಸಿದೆ. ಒಂದು ಸಲ ಮಧ್ಯರಾತ್ರಿ, ಇಷ್ಟು ದೊಡ್ಡ ಗಟ್ಟಿ ಹೋಗಬಹುದಾ ಅಂತ ಕೇಳಲು ಫೋನ್ ಮಾಡಿದೆ. ಎತ್ತಿದರು. ಬೈಯಲಿಲ್ಲ.

ಎರಡು ವಾರಕ್ಕೆ ಮತ್ತೆ ತೋರಿಸಲು ಹೋದೆ, ಪೂರ್ತಿ ಆಗಿದೆ ಅಂದರು. ಆ ಹೊತ್ತಿಗೆ ಮನೆಯಲ್ಲಿ ಕಿಟ್ ಹಾಕಿ ನೋಡಬೇಡಿ, ಕೆಲವು ವಾರ ಸುಮ್ನೆ ಎರಡು ಗೆರೆ ತೋರಿಸುತ್ತಲೇ ಇರುತ್ತದೆ. ಮುಂದಿನ ಮುಟ್ಟು ಬರುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದು ಅಂತ ಎಚ್ಚರಿಸಿ, ಕಾಪರ್ ಟಿ ಬಗ್ಗೆಯೂ ಹೇಳಿದರು. ಹಾಕಿಸಿಕೊಂಡೇ ಬಂದೆ.

ಸ್ಕ್ಯಾನಿಂಗು, ರಕ್ತ ಪರೀಕ್ಷೆ, ಗುಳಿಗೆ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಅಷ್ಟೂ ಕಷ್ಟ ಅನ್ನುವವರು ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಎಲ್ಲಿಗೇ ಹೋದರೂ ಸ್ಕ್ಯಾನಿಂಗಿಗೆ ಗುರುತಿನ ಚೀಟಿ ಕೇಳುತ್ತಾರೆ, ಇಟ್ಟುಕೊಂಡು ಹೋಗಿ. ರಿಸೆಪ್ಷನ್ನಿನಲ್ಲಿ ಏನು ತೊಂದರೆ ಅಂತ ಕೇಳಿದರೆ "ಮೇಡಂ ಹತ್ರ ಹೇಳ್ತೀನಿ" ಅಂದರೆ ಮುಗಿಯಿತು.