ಸಂಶೋಧನೆಗೋ, ಪಾಠಕ್ಕೋ: ತಾಯ್ನಾಡಿನತ್ತ ಹೊರಟ ಗಣಿತಜ್ಞರಿಗೆ ಎರಡು ದಾರಿ

ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕದಲ್ಲೋ ಕೆನಡಾದಲ್ಲೋ ಗಣಿತ ಪ್ರಾಧ್ಯಾಪಕರಾಗಿದ್ದೀರಾ? ಜಂಟಿ ಸಂಶೋಧನೆಯೇ ಗುರಿಯಾದರೆ, 2013ರಲ್ಲಿ ಶುರುವಾದ ಕಾರ್ನೆಗಿ ಆಫ್ರಿಕನ್ ಡಯಾಸ್ಪೊರಾ (ಹೊರದೇಶಕ್ಕೆ ವಲಸೆ ಹೋದ ಆಫ್ರಿಕನ್ನರ) ಫೆಲೋಶಿಪ್‌ನ ಮಾದರಿಗೇ ನನ್ನ ಮತ. 14ರಿಂದ 90 ದಿನ ಆಫ್ರಿಕಾದ ವಿಶ್ವವಿದ್ಯಾಲಯವೊಂದರಲ್ಲಿ ಇರಬಹುದು. ವಿಮಾನದ ಖರ್ಚು, ದಿನಭತ್ಯೆ ಎರಡೂ ಉಂಟು. ಪ್ರಮೇಯವೊಂದರ ಸಾಧನೆಯಲ್ಲಿ ಸಿಕ್ಕಿಕೊಂಡ ಪಿಎಚ್‌ಡಿ ವಿದ್ಯಾರ್ಥಿಯ ಜೊತೆ ಬೋರ್ಡಿನ ಮುಂದೆ ನಿಂತು, ಸಾಲು ಸಾಲಾಗಿ ತಿದ್ದಲು ಇಷ್ಟು ಸಮಯ ಬೇಕೇ ಬೇಕು. ಆದರೆ ಘಾನಾ, ಕೀನ್ಯಾ, ನೈಜೀರಿಯಾದಂಥ ಕೆಲವೇ ದೇಶಗಳಿಗೆ ಇದು ಸೀಮಿತ.

ಅಂತರರಾಷ್ಟ್ರೀಯ ಗಣಿತ ಒಕ್ಕೂಟದ ಸ್ವಯಂಸೇವಕ ಉಪನ್ಯಾಸಕರ ಯೋಜನೆ ಬೇರೆ ಥರ: ಮೂರ್ನಾಲ್ಕು ವಾರ, ಒಂದು ಬಿಗಿಯಾದ ಕೋರ್ಸ್. ದೀರ್ಘ ರಜೆ ಸಿಗದವರಿಗೆ ಇದೇ ಸರಿ.

ಅರ್ಜಿಗೆ ಮುಂಚೆ ಅಲ್ಲಿನ ವಿಭಾಗದವರ ಜೊತೆ ಮಾತಾಡಿ. ಎರಡರಲ್ಲೂ ಬೇಡಿಕೆ ಬರಬೇಕಾದದ್ದು ಆತಿಥೇಯ ವಿಶ್ವವಿದ್ಯಾಲಯದಿಂದ.