ದುಬಾರಿ ಬಿಳಿ ಕೇಸ್ ತಗೊಳ್ಳಲಾ? ಒಂದೇ ಕಂಪ್ಯೂಟರನ್ನು ಮೂರು ಕೇಸ್‌ನಲ್ಲಿ ಕಟ್ಟಿ ನೋಡಿದೆ

ದುಬಾರಿ ಬಿಳಿ ಗೇಮಿಂಗ್ ಕೇಸ್, ಅಂದರೆ ಕಂಪ್ಯೂಟರಿನ ಭಾಗಗಳನ್ನು ಕೂರಿಸುವ ಪೆಟ್ಟಿಗೆ, ತಗೊಳ್ಳಲಾ ಬೇಡವಾ ಅಂತ ನನ್ನ ತಮ್ಮ ಎರಡು ವಾರ ತಲೆ ಕೆಡಿಸಿಕೊಂಡಿದ್ದ. ಆ ಆಸೆ ನನಗೂ ಬಹಳ ದಿನದಿಂದ ಇತ್ತು. ನಾನೊಂದು ಕೊಂಡೆ, ಇನ್ನೆರಡು ಸ್ನೇಹಿತರಿಂದ ಬಂದವು. ನನ್ನ ಕಂಪ್ಯೂಟರನ್ನು ಬಿಚ್ಚಿ ಮೂರರಲ್ಲೂ ಕಟ್ಟಿದೆ. ಒಂದೊಂದನ್ನೂ ಸುಮಾರು ಒಂದು ತಿಂಗಳು ಬಳಸಿದೆ.

ಮೊದಲನೆಯದು ಆ ದುಬಾರಿ ಬಿಳಿ ಕೇಸ್. ಮುಂದೆಯೂ ಪಕ್ಕದಲ್ಲೂ ಗಾಜು, ಒಳಗೆ ಎರಡು ಕೋಣೆ. ಎರಡನೆಯದು ಅದರ ಅರ್ಧ ಬೆಲೆಯೂ ಇಲ್ಲದ, ಮುಂದೆ ಜಾಲರಿ ಇರುವ ಬಿಳಿ ಕೇಸ್. ಮೂರನೆಯದು ಅದೇ ಜಾಲರಿ ಕೇಸ್, ಬಣ್ಣ ಮಾತ್ರ ಕಪ್ಪು.

ಎಲ್ಲರೂ ಮೊದಲು ಕೇಳುವುದು ಬಿಸಿಯ ಬಗ್ಗೆ. ಅದೇ ಗೇಮ್, ಅದೇ ಸೆಟ್ಟಿಂಗ್, ಒಂದು ಗಂಟೆ ಆಟ. ಫ್ಯಾನ್‌ಗಳೂ ಅವೇ. ಜಾಲರಿ ಕೇಸ್‌ನಲ್ಲಿ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ 67 ಡಿಗ್ರಿಗೆ ನಿಂತಿತು. ಗಾಜಿನದರಲ್ಲಿ 72 ಆಯಿತು. ಕಾರಣ ಸರಳ. ಮುಂದೆ ಗಾಜಿದ್ದರೆ ಗಾಳಿ ನೇರವಾಗಿ ಒಳಗೆ ಬರುವುದಿಲ್ಲ, ಪಕ್ಕದಿಂದ ಇಲ್ಲವೇ ತಳದಿಂದ ಬರಬೇಕು. ಆಮೇಲೆ ತಳದಲ್ಲಿ 120 ಮಿ.ಮೀ.ನ ಮೂರು ಫ್ಯಾನ್ ಕೂರಿಸಿ, ಗಾಳಿ ಕಾರ್ಡ್ ಕಡೆಗೇ ಬೀಸುವ ಹಾಗೆ ಮಾಡಿದೆ. 68ಕ್ಕೆ ಇಳಿಯಿತು. ಅಂದರೆ ಗಾಜಿನ ಕೇಸ್ ಬಿಸಿ ಅನ್ನುವುದು ಪೂರ್ತಿ ನಿಜವಲ್ಲ, ಆದರೆ ಅದಕ್ಕೆ ಫ್ಯಾನ್ ಜಾಸ್ತಿ ಬೇಕು. ಈ ಬಗೆಯ ಎಷ್ಟೋ ಕೇಸ್‌ಗಳು ಒಂದೂ ಫ್ಯಾನ್ ಇಲ್ಲದೆ ಬರುತ್ತವೆ. ಬೆಲೆ ನೋಡುವಾಗ ಅದನ್ನೂ ಸೇರಿಸಿಕೊಳ್ಳಿ. ಬಿಳಿ ಮತ್ತು ಕಪ್ಪು ಜಾಲರಿ ಕೇಸ್‌ಗಳ ನಡುವೆ ಬಿಸಿಯಲ್ಲಿ ವ್ಯತ್ಯಾಸವೇ ಇರಲಿಲ್ಲ.

ಇನ್ನು ಬಿಳಿ ಬಣ್ಣದ ವಿಷಯ. ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡ ಕಥೆ ಇದು.

ಕೇಸ್‌ನ ಉಕ್ಕಿನ ಹಾಳೆಗೆ ಪೌಡರ್ ಕೋಟಿಂಗ್ ಮಾಡಿರುತ್ತಾರೆ, ಅಂದರೆ ಬಣ್ಣದ ಪುಡಿ ಹಾರಿಸಿ ಬಿಸಿಯಲ್ಲಿ ಕರಗಿಸಿ ಅಂಟಿಸುತ್ತಾರೆ. ಪ್ಲಾಸ್ಟಿಕ್ ಭಾಗಗಳಿಗೆ ಬಣ್ಣ ಅಚ್ಚು ಹಾಕುವಾಗಲೇ ಸೇರಿರುತ್ತದೆ. ಎರಡೂ ಬಿಳಿಯೇ, ಆದರೆ ಒಂದೇ ಬಿಳಿ ಅಲ್ಲ. ಕಡಿಮೆ ಬೆಲೆಯ ಕೇಸ್‌ನಲ್ಲಿ ಮುಂದಿನ ಪ್ಲಾಸ್ಟಿಕ್ ಚೌಕಟ್ಟು ಸ್ವಲ್ಪ ನೀಲಿ ಛಾಯೆಯದು, ಪಕ್ಕದ ಹಾಳೆ ಹಾಲಿನ ಬಣ್ಣ. ರಾತ್ರಿ ದೀಪದಲ್ಲಿ ಗೊತ್ತಾಗಲಿಲ್ಲ. ಬೆಳಿಗ್ಗೆ ಕಿಟಕಿಯ ಬೆಳಕು ಬಿದ್ದಾಗ ಕಂಡಿತು, ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತದೆ. ದುಬಾರಿ ಕೇಸ್‌ನಲ್ಲಿ ಹೊರಗೆ ಕಾಣುವುದೆಲ್ಲ ಲೋಹ ಮತ್ತು ಗಾಜು. ಹಾಗಾಗಿ ಆ ತೊಂದರೆಯೇ ಇಲ್ಲ. ಬಿಳಿ ಪ್ಲಾಸ್ಟಿಕ್ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿಕೊಂಡರೆ ಹಳದಿಗೆ ತಿರುಗುತ್ತದೆ ಅನ್ನುವುದೂ ನೆನಪಿರಲಿ. ಕಿಟಕಿಯ ಪಕ್ಕ ಇಡುವವರು ಪ್ಲಾಸ್ಟಿಕ್ ಎಲ್ಲೆಲ್ಲಿದೆ ಅಂತ ನೋಡಿಯೇ ಕೊಳ್ಳಬೇಕು.

ಗೀರುಗಳ ವಿಷಯದಲ್ಲೂ ಹೀಗೇ. ಬಿಳಿಯ ಮೇಲೆ ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಸಾಕು, ಕೆಳಗಿನ ಲೋಹ ಕಪ್ಪಗೆ ಕಾಣುತ್ತದೆ. ಕಡಿಮೆ ಬೆಲೆಯದರಲ್ಲಿ ಗ್ರಾಫಿಕ್ಸ್ ಕಾರ್ಡ್ ಸ್ಕ್ರೂ ಹಾಕುವ ಜಾಗದಲ್ಲಿ ಎರಡನೇ ಸಲಕ್ಕೇ ಬಣ್ಣ ಎದ್ದಿತು. ದುಬಾರಿಯದರಲ್ಲಿ ನಾಲ್ಕು ಸಲ ಬಿಚ್ಚಿ ಹಾಕಿದರೂ ಏನೂ ಆಗಲಿಲ್ಲ. ಕೊಟ್ಟ ದುಡ್ಡು ಎಲ್ಲಿಗೆ ಹೋಗಿದೆ ಅಂತ ಆಗ ನನಗೆ ಕೈಗೇ ತಿಳಿಯಿತು.

ಧೂಳಿನ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಮನೆಯ ಧೂಳು ಬೂದು ಬಣ್ಣದ್ದು. ಕಪ್ಪು ಕೇಸ್‌ನ ತಲೆಯ ಮೇಲೆ ಅದು ಎರಡೇ ದಿನಕ್ಕೆ ಎದ್ದು ಕಾಣುತ್ತದೆ, ಬಿಳಿಯ ಮೇಲೆ ವಾರವಾದರೂ ತಿಳಿಯುವುದಿಲ್ಲ. ಬಿಳಿ ಜಾಲರಿಯ ತೂತುಗಳಲ್ಲಿ ಮತ್ತು ಬಿಳಿ ಫ್ಯಾನ್ ರೆಕ್ಕೆಯ ಅಂಚಿನಲ್ಲಿ ಮಾತ್ರ ಕೊಳೆ ಹಿಡಿದ ಹಾಗೆ ಕಾಣುತ್ತದೆ. ಅಲ್ಲಿ ಬ್ರಷ್ ಬೇಕು, ಬಟ್ಟೆ ಸಾಲದು.

ಆದರೆ ಬಿಳಿ ಕೇಸ್ ಕೊಳ್ಳುವವರು ಮುಖ್ಯವಾಗಿ ಯೋಚಿಸಬೇಕಾದ್ದು ಒಳಗಿನ ಭಾಗಗಳ ಬಗ್ಗೆ. ನನ್ನ ಮದರ್‌ಬೋರ್ಡ್ ಕಪ್ಪು, ಕೇಬಲ್‌ಗಳೂ ಕಪ್ಪು. ಕಪ್ಪು ಕೇಸ್‌ನಲ್ಲಿ ಅವೆಲ್ಲ ಕತ್ತಲೆಯಲ್ಲಿ ಕರಗಿ ಹೋಗಿದ್ದವು. ಬಿಳಿ ಕೇಸ್‌ನಲ್ಲಿ ಒಂದೊಂದು ಕೇಬಲ್ಲೂ ಗೋಡೆಯ ಮೇಲೆ ಮಸಿ ಗೆರೆ ಎಳೆದ ಹಾಗಿತ್ತು. ಎರಡು ಕಡೆ ಗಾಜಿದ್ದರೆ ಬಚ್ಚಿಡಲು ಜಾಗವೇ ಇಲ್ಲ. ಮೊದಲು ಬಿಳಿ ಎಕ್ಸ್‌ಟೆನ್ಷನ್ ಕೇಬಲ್ ತಂದೆ. ಆಮೇಲೆ ಬಿಳಿ ಫ್ಯಾನ್, ಆಮೇಲೆ ಪ್ರೊಸೆಸರ್ ತಣ್ಣಗಿಡುವ ಬಿಳಿ ಕೂಲರ್. ಗ್ರಾಫಿಕ್ಸ್ ಕಾರ್ಡ್ ಹತ್ತಿರ ಬಂದು ನಿಲ್ಲಿಸಿದೆ. ಅದೇ ಕಾರ್ಡ್‌ನ ಬಿಳಿ ಆವೃತ್ತಿಗೆ ಸಾಮಾನ್ಯವಾಗಿ ಬೆಲೆ ಜಾಸ್ತಿ, ವೇಗ ಒಂದು ಚೂರೂ ಜಾಸ್ತಿ ಇಲ್ಲ.

ಕಟ್ಟುವ ಸುಖದಲ್ಲಿ ಮಾತ್ರ ದುಬಾರಿ ಕೇಸ್‌ಗೆ ಸಾಟಿ ಇಲ್ಲ. ಲಿಯಾನ್ ಲಿ ಕಂಪನಿಯ 2018ರ ಓ11 ಡೈನಾಮಿಕ್ ಕೇಸ್ ಜನಪ್ರಿಯ ಮಾಡಿದ ಎರಡು ಕೋಣೆಯ ವಿನ್ಯಾಸ ಇದು. ಪವರ್ ಸಪ್ಲೈ, ಕೇಬಲ್ ಎಲ್ಲ ಹಿಂದಿನ ಕೋಣೆಗೆ ಹೋಗುತ್ತವೆ, ಮುಂದೆ ಬರೀ ಮದರ್‌ಬೋರ್ಡ್ ಮತ್ತು ಕಾರ್ಡ್. ಹಿಂದೆ ಕೈ ಆಡಿಸಲು ಧಾರಾಳ ಜಾಗ. ಮಾಮೂಲಿ ಕೇಸ್‌ನಲ್ಲಿ ಹಿಂದಿನ ಬಾಗಿಲು ಮುಚ್ಚಲು ನಾನು ಮೊಣಕಾಲಿನಿಂದ ಒತ್ತಬೇಕಾಯಿತು. ಈಚಿನ ಕೆಲವು ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಪವರ್ ಕೊಡುವ 12ವಿಎಚ್‌ಪಿಡಬ್ಲ್ಯುಆರ್ ಕೇಬಲ್ಲನ್ನು ಕನೆಕ್ಟರ್ ಹತ್ತಿರವೇ ಮಡಿಸಬಾರದು, ಸುಮಾರು 35 ಮಿ.ಮೀ. ನೇರ ಬಿಡಬೇಕು. ಅಗಲವಾದ ಕೇಸ್‌ನಲ್ಲಿ ಗಾಜು ತಾಗದೆ ಅದು ಆರಾಮಾಗಿ ಬಾಗಿತು.

ಆ ಅಗಲಕ್ಕೆ ಮೇಜಿನ ಮೇಲೆ ಜಾಗ ಬೇಕು, ಅಲ್ವಾ? ಓ11 ಡೈನಾಮಿಕ್ ಇವೊ 285 ಮಿ.ಮೀ. ಅಗಲ, ಕೋರ್ಸೇರ್ 4000ಡಿ ಏರ್‌ಫ್ಲೋ ಥರದ ಜಾಲರಿ ಕೇಸ್ 230 ಮಿ.ಮೀ. ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ. ಇನ್ನೊಂದು ಮಾತು: ಬಿಚ್ಚಿದ ಗಾಜನ್ನು ಟೈಲ್ಸ್ ನೆಲದ ಮೇಲೆ ಅಂಚು ಊರಿ ನಿಲ್ಲಿಸಬೇಡಿ. ಟೆಂಪರ್ಡ್ ಗ್ಲಾಸ್‌ನ ಅಂಚೇ ಅದರ ದುರ್ಬಲ ಜಾಗ. ಗಟ್ಟಿ ಟೈಲ್ಸ್‌ಗೆ ಚಿಕ್ಕದಾಗಿ ತಗುಲಿದರೂ ಇಡೀ ಹಾಳೆ ಪುಡಿಪುಡಿ ಆಗಬಹುದು. ಮಂಚದ ಮೇಲೆ ಮಲಗಿಸಿಡಿ.

ದುಬಾರಿ ಬಿಳಿ ಕೇಸನ್ನು ನಾನು ಇಟ್ಟುಕೊಂಡೆ. ನನ್ನ ಮೇಜಿನ ಮೇಲೆ, ಕಣ್ಣಿನ ಮಟ್ಟದಲ್ಲಿ ದಿನಕ್ಕೆ ಎಂಟು ಗಂಟೆ ಅದು ಎದುರಿಗೇ ಇರುತ್ತದೆ. ಆ ಸಂತೋಷಕ್ಕೆ ಆ ದುಡ್ಡು ಸರಿ ಅನ್ನಿಸಿತು. ಕಡಿಮೆ ಬೆಲೆಯ ಬಿಳಿ ಕೇಸನ್ನು ಮಾತ್ರ ತಗೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬಿಳಿಯ ಖರ್ಚೆಲ್ಲ ಅದರಲ್ಲೂ ಇದೆ, ಬಿಳಿಯ ಅಂದ ಅರ್ಧ ಮಾತ್ರ.

ತಮ್ಮನ ಕಂಪ್ಯೂಟರ್ ಇರುವುದು ಮೇಜಿನ ಕೆಳಗೆ, ಗೋಡೆಗೆ ಅಂಟಿಕೊಂಡು. ಅವನಿಗೆ ಕಪ್ಪು ಜಾಲರಿ ಕೇಸ್ ಕೊಡಿಸಿದೆ. ಉಳಿದ ದುಡ್ಡಿಗೆ ಅವನು ಎಸ್‌ಎಸ್‌ಡಿಯನ್ನು 1 ಟಿಬಿಯಿಂದ 2 ಟಿಬಿಗೆ ಏರಿಸಿಕೊಂಡ.